ಬೋರ್ಡಿಲ್ಲದ ಸ್ಪೀಕರ್ ಅಂಗಡಿ, ನಾಲ್ಕು ಹಳೆ ಸ್ಪೀಕರ್ ಮತ್ತು ಅಪ್ಪನ ಶಟರ್ ಟಿವಿ

ಬೆಂಗಳೂರಿನ ಎಸ್‌ಪಿ ರೋಡಿನ ಹಿಂದೆ ಒಂದು ಓಣಿಯಲ್ಲಿ, ಕಡಿದಾದ ಮೆಟ್ಟಿಲು ಹತ್ತಿದರೆ ಬೋರ್ಡೇ ಇಲ್ಲದ ಒಂದು ಅಂಗಡಿ ಇದೆ. ಅಲ್ಲಿ ಸ್ಪೀಕರ್ ರಿಪೇರಿ ಬಿಟ್ಟು ಬೇರೇನೂ ಮಾಡುವುದಿಲ್ಲ. ನನಗೆ ಹೇಳಿದ ದಿನಕ್ಕಿಂತ 18 ದಿನ ತಡ ಮಾಡಿದರು. ಫೋನ್ ಎತ್ತಲಿಲ್ಲ. ಬಿಲ್ ಕೊಡಲಿಲ್ಲ. ಒಂದು ಸ್ಪೀಕರಿಗೆ ತಂತಿ ಉಲ್ಟಾ ಹಾಕಿ ಕೊಟ್ಟರು. ಆದರೂ ಮುಂದಿನ ಸಲ ಅಲ್ಲಿಗೇ ಹೋಗುತ್ತೇನೆ.

ನಾನು ತುಮಕೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು. ಗಿರಾಕಿಯನ್ನು ಕಾಯಿಸಿದರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಹಾಗಾಗಿ ಈ ಮಾತನ್ನು ಸುಮ್ನೆ ಹೇಳುತ್ತಿಲ್ಲ.

ಕಥೆ ಶುರುವಾಗಿದ್ದು ಮಗಳ ಗಿಟಾರಿನಿಂದ. ಅವಳ ಸೋದರಮಾವ ತನ್ನ ಹಳೆ ಎಲೆಕ್ಟ್ರಿಕ್ ಗಿಟಾರ್ ಕೊಟ್ಟ, ಅದರ ದನಿ ಜೋರು ಮಾಡುವ ಆಂಪ್ ಕೊಡಲಿಲ್ಲ. ಎಲೆಕ್ಟ್ರಿಕ್ ಗಿಟಾರಿಗೆ ಆಂಪ್ ಇಲ್ಲದಿದ್ದರೆ ಅದು ಹೊಟ್ಟೆ ಇಲ್ಲದ ತಂಬೂರಿ ಇದ್ದ ಹಾಗೆ. ಹೊಸದಕ್ಕೆ ದುಡ್ಡು ಕೊಡಬಹುದಿತ್ತು. ಆದರೆ ಅಟ್ಟದ ಮೇಲೆ ಅಪ್ಪನ ಕಪ್ಪು-ಬಿಳುಪು ಟಿವಿಯ ಮರದ ಪೆಟ್ಟಿಗೆ ಕೂತಿತ್ತು. ನಿಮ್ಮ ಮನೆಯಲ್ಲೂ ಇದ್ದಿರಬಹುದು: ಮುಂದೆ ಎರಡು ಕಡೆಯಿಂದ ಎಳೆಯುವ ಪಟ್ಟಿ ಪಟ್ಟಿ ಶಟರ್, ಕೆಳಗೆ ನಾಲ್ಕು ಕಾಲು, ಮೇಲೆ ಅಮ್ಮ ಹಾಕಿದ ಕ್ರೋಶಾ ಬಟ್ಟೆ. ಒಳಗಿನ ಟ್ಯೂಬನ್ನು ಎಷ್ಟೋ ವರ್ಷದ ಹಿಂದೆ ಗುಜರಿಯವನು ಒಯ್ದಿದ್ದ. ಪೆಟ್ಟಿಗೆಯನ್ನು ಮಾತ್ರ ಅಮ್ಮ ಬಿಟ್ಟುಕೊಟ್ಟಿರಲಿಲ್ಲ. ಅದನ್ನು ಬೆಳಕಿಗೆ ಎಳೆದ ದಿನವೇ ನನಗೆ ಗೊತ್ತಾಯಿತು, ಇದರೊಳಗೆ ನಾಲ್ಕು ಸ್ಪೀಕರ್ ಹಿಡಿಯುತ್ತದೆ ಅಂತ.

ಆಂಪಿನ ಬೋರ್ಡ್ ದೊಡ್ಡ ತಲೆನೋವಲ್ಲ. ಟಿಡಿಎ2030ಎ ಅನ್ನುವ ಐದು ಕಾಲಿನ ಐಸಿ (ದನಿ ಹೆಚ್ಚಿಸುವ ಚಿಪ್) ಎಸ್‌ಪಿ ರೋಡಿನಲ್ಲಿ ಎಲ್ಲರ ಬಳಿಯೂ ಇರುತ್ತದೆ. 12-0-12 ಟ್ರಾನ್ಸ್‌ಫಾರ್ಮರ್, ಡಯೋಡ್ ಬ್ರಿಡ್ಜ್, ಎರಡು ದೊಡ್ಡ ಕೆಪಾಸಿಟರ್ ಹಾಕಿದರೆ ಪ್ಲಸ್ 16, ಮೈನಸ್ 16 ವೋಲ್ಟ್ ಆಸುಪಾಸು ಸಿಗುತ್ತದೆ. ಅದರ ಮುಂದೆ ಟಿಎಲ್072 ಅನ್ನುವ ಇನ್ನೊಂದು ಐಸಿ ಹಾಕಿ, ಗಿಟಾರಿನ ಸಣ್ಣ ದನಿಯನ್ನು ಮೊದಲು ಎತ್ತಿಕೊಡುವ ಒಂದು ಪುಟ್ಟ ಪ್ರೀಆಂಪ್ ಮಾಡಿಕೊಂಡೆ. ತಂತಿಯ ಕಂಪನ ಹಿಡಿಯುವ ಗಿಟಾರಿನ ಪಿಕಪ್‌ಗೆ ಒಂದು ಮೆಗಾಓಂನಷ್ಟು (ಓಂ ಅಂದರೆ ಕರೆಂಟಿಗಿರುವ ತಡೆಯ ಅಳತೆ) ಇನ್‌ಪುಟ್ ಬೇಕು, ಇಲ್ಲದಿದ್ದರೆ ತಂತಿಯ ಹೊಳಪೇ ಸತ್ತುಹೋಗುತ್ತದೆ. ಹಳೆ ರೇಡಿಯೊದಲ್ಲಿರುತ್ತಿದ್ದ ಗಾಜಿನ ವಾಲ್ವ್ ಹಾಕಿ ಆಂಪ್ ಮಾಡುವ ಆಸೆಯೂ ಇತ್ತು. ನಮ್ಮ ಜಾಲಹಳ್ಳಿಯ ಬಿಇಎಲ್‌ನವರೇ ಒಂದು ಕಾಲದಲ್ಲಿ ಇಎಲ್84 ವಾಲ್ವ್ ಮಾಡುತ್ತಿದ್ದರು, ಈಗಲೂ ಹುಡುಕಿದರೆ ಅಲ್ಲೊಂದು ಇಲ್ಲೊಂದು ಸಿಗುತ್ತದೆ. ಆದರೆ ಅದಕ್ಕೆ 300 ವೋಲ್ಟಿನ ಹತ್ತಿರ ಬೇಕು. ಹದಿನೇಳು ವರ್ಷದ ಹುಡುಗಿ ಬಳಸುವ ಪೆಟ್ಟಿಗೆಯಲ್ಲಿ ನಾನೇ ಬೆಸೆದ 300 ವೋಲ್ಟ್ ಬೇಡ ಅನ್ನಿಸಿತು.

ಸ್ಪೀಕರ್ ಮಾತ್ರ ಹೊಸದು ಬೇಡ ಅಂತ ಹಠ ಹಿಡಿದೆ. ಬರೀ ಜಿಪುಣತನ ಅಲ್ಲ. ಗಿಟಾರಿಗೆ ಬೇಕಾದ ಸ್ಪೀಕರೇ ಬೇರೆ. ಹೋಂ ಥಿಯೇಟರಿನ ವೂಫರ್ (ಕೆಳಸ್ವರದ ಸ್ಪೀಕರ್) ಕೋನ್, ಅಂದರೆ ಮುಂದೆ ಅಲುಗುವ ಬಟ್ಟಲು, ಭಾರ, ಅದನ್ನು ಅಲುಗಾಡಿಸಲಿಕ್ಕೇ ಅರ್ಧ ಪವರ್ ಹೋಗುತ್ತದೆ. ಮೇಲಿನ ಸ್ವರಕ್ಕೆಂದೇ ಇಡುವ ಟ್ವೀಟರ್ ಇದ್ದರೆ, ದನಿ ಒರಟು ಮಾಡುವ ಡಿಸ್ಟಾರ್ಷನ್ ಹಾಕಿದಾಗ ಎಣ್ಣೆಗೆ ನೀರು ಬಿದ್ದ ಹಾಗೆ ಚುರ್ ಅನ್ನುತ್ತದೆ. ಗಿಟಾರ್ ಸ್ಪೀಕರ್ 5,000 ಹರ್ಟ್ಸ್ (ಸೆಕೆಂಡಿಗೆ 5,000 ಕಂಪನ) ದಾಟಿದ ಮೇಲೆ ಸುಮ್ಮನಾಗಬೇಕು. ಹಗುರ ಕಾಗದದ ಕೋನ್, ಗಟ್ಟಿ ಅಂಚು, ಕಡಿಮೆ ಪವರಿಗೇ ಜೋರಾಗಿ ಕೂಗುವ ಗಂಟಲು. ಈ ಗುಣಗಳೆಲ್ಲ ಹಳೆ ರೇಡಿಯೊ, ಹಳೆ ಮೈಕ್‌ಸೆಟ್ಟಿನ ಸ್ಪೀಕರುಗಳಲ್ಲಿ ತಾನಾಗಿಯೇ ಇರುತ್ತವೆ.

ಹಾಗಾಗಿ ಒಂದು ಭಾನುವಾರ ಬೆಳಗ್ಗೆ ಮೊದಲ ರೈಲಿಗೆ ಬೆಂಗಳೂರಿಗೆ ಹೊರಟೆ. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಹತ್ತಿ ಮುಂದಿನ ನಿಲ್ದಾಣ ಚಿಕ್ಕಪೇಟೆಯಲ್ಲಿ ಇಳಿದೆ. ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್ ಬಿಸಿಲೇರುವ ಮೊದಲೇ ನೋಡಬೇಕು. ಹಾಸಿದ ಟಾರ್ಪಾಲಿನ ಮೇಲೆ ಮಿಕ್ಸಿ ಜಾರು, ಗಡಿಯಾರ, ಬೀಗವಿಲ್ಲದ ಬೀಗದಕೈ, ಒಂಟಿ ಶೂ, ಅದರ ನಡುವೆ ಸ್ಪೀಕರುಗಳು. ಕಾರಿನ 4 ಓಂ ಸ್ಪೀಕರುಗಳೇ ಜಾಸ್ತಿ. ಒಂದು ಮರ್ಫಿ ರೇಡಿಯೊ ಕಂಡಿತು, ಆದರೆ ಅದನ್ನು ಬಿಚ್ಚಲು ಮನಸ್ಸು ಬರಲಿಲ್ಲ.

ಕೊನೆಗೆ ಸಿಕ್ಕಿದ್ದು ಒಂದು ಕಾಲಂ. ದೇವಸ್ಥಾನದ ಗೋಡೆಗೆ, ಕಲ್ಯಾಣ ಮಂಟಪದ ಕಂಬಕ್ಕೆ ಉದ್ದಕ್ಕೆ ನಿಲ್ಲಿಸಿರುತ್ತಾರಲ್ಲ, ಅದೇ ಬೂದು ಬಣ್ಣದ ಉದ್ದ ಡಬ್ಬ. ಜಾಲರಿಯೊಳಗೆ ಒಂದರ ಕೆಳಗೊಂದು ನಾಲ್ಕು ಆರಿಂಚಿನ ಸ್ಪೀಕರ್. ಹಿಂದೆ 20 ವ್ಯಾಟ್ ಅಂತ ಬರೆದಿತ್ತು, ಕಂಪನಿಯ ಹೆಸರು ಉಜ್ಜಿಹೋಗಿತ್ತು. ನನ್ನ ತಲೆಯಲ್ಲಿ ದೀಪ ಹೊತ್ತಿತು. ನಾಲ್ಕು ಸ್ಪೀಕರನ್ನು ಬೇರೆ ಬೇರೆ ಕಡೆ ಹುಡುಕಿ ಜೋಡಿ ಮಾಡುವ ಬದಲು, ಹುಟ್ಟಿದಾಗಿನಿಂದ ಒಟ್ಟಿಗೇ ಇರುವ ನಾಲ್ಕನ್ನು ತಂದರೆ ಮುಗಿಯಿತಲ್ಲ!

ಓಂ ಅಳೆಯುವ ಮೀಟರ್ ಜೇಬಿನಲ್ಲೇ ಇತ್ತು. ತಂತಿಗೆ ಹಿಡಿದರೆ 38 ಓಂ ತೋರಿಸಿತು. 8 ಓಂ ಸ್ಪೀಕರಿಗೆ ಮೀಟರ್ ಹಿಡಿದರೆ 6 ಚಿಲ್ಲರೆಯಿಂದ 7ರ ತನಕ ಬರಬೇಕು, ಯಾಕೆಂದರೆ ಮೀಟರ್ ಅಳೆಯುವುದು ಕೋನಿನ ಹಿಂದೆ ಸುತ್ತಿರುವ ಕಾಯಿಲಿನ ತಂತಿಯನ್ನು ಮಾತ್ರ. 38 ಅಂದರೆ ಏನೋ ಎಡವಟ್ಟು. ಮಾರುವವನನ್ನು ಕೇಳಿದೆ. ‘ಓಂ ಜಾಸ್ತಿ ಇದ್ರೆ ಸೌಂಡ್ ಜಾಸ್ತಿ ಸಾರ್’ ಅಂದ. ಇಷ್ಟು ಧೈರ್ಯವಾಗಿ ಸುಳ್ಳು ಹೇಳುವವನ ಹತ್ತಿರ ಚೌಕಾಸಿ ಮಾಡುವುದರಲ್ಲಿ ಒಂದು ಖುಷಿ ಇದೆ. ಸಾವಿರ ಹೇಳಿದ್ದನ್ನು 600ಕ್ಕೆ ಇಳಿಸಿ, ಹೆಗಲ ಮೇಲೆ ಹೊತ್ತು ರೈಲು ಹತ್ತಿದೆ. ಬೋಗಿಯಲ್ಲಿ ಇಬ್ಬರು ಯಾವ ಊರಿನ ಆರ್ಕೆಸ್ಟ್ರಾ ಅಂತ ಕೇಳಿದರು.

ಮನೆಯಲ್ಲಿ ಆಂಪಿಗೆ ಹಚ್ಚಿದರೆ ಸೊಳ್ಳೆಯ ದನಿ. ಹಿಂದಿನ ತಗಡು ಬಿಚ್ಚಿದೆ. ಒಳಗೆ ಬೆಲ್ಲದಚ್ಚಿನಷ್ಟು ದೊಡ್ಡ ಕಬ್ಬಿಣದ ಗಡ್ಡೆ. ಅದು ಲೈನ್ ಟ್ರಾನ್ಸ್‌ಫಾರ್ಮರ್. ದೊಡ್ಡ ಸಭಾಂಗಣದಲ್ಲಿ ಉದ್ದುದ್ದ ತಂತಿ ಎಳೆಯಬೇಕಾದಾಗ ಮೈಕ್‌ಸೆಟ್ಟಿನವರು 100 ವೋಲ್ಟ್ ಲೈನ್ ಹಾಕುತ್ತಾರೆ. ಕರೆಂಟ್ ಕಂಬದ ಲೆಕ್ಕದ ಹಾಗೆಯೇ: ವೋಲ್ಟೇಜ್ ಜಾಸ್ತಿ ಇಟ್ಟರೆ ತಂತಿಯಲ್ಲಿ ನಷ್ಟ ಕಡಿಮೆ. 100 ವೋಲ್ಟಿಗೆ 20 ವ್ಯಾಟ್ ಎಳೆಯಬೇಕಾದರೆ ಆ ಡಬ್ಬ ಆಂಪಿಗೆ 500 ಓಂ ಆಗಿ ಕಾಣಬೇಕು. ನನ್ನ ಬಡ ಐಸಿ ಕೊಡುವುದು ಒಂಬತ್ತು ವೋಲ್ಟ್. ಸೊಳ್ಳೆ ದನಿ ಬಾರದೆ ಇನ್ನೇನು? ಹಳೆ ಕಾಲಂ, ಹಾರ್ನ್, ಸೀಲಿಂಗ್ ಸ್ಪೀಕರ್ ಕೊಳ್ಳುವವರು ಇದನ್ನು ನೆನಪಿಡಿ. ಮೀಟರ್ ಹತ್ತಾರು ಓಂ ತೋರಿಸಿದರೆ ಒಳಗೆ ಟ್ರಾನ್ಸ್‌ಫಾರ್ಮರ್ ಇದೆ ಅಂತ ಅನುಮಾನಪಡಿ. ಅದನ್ನು ಕತ್ತರಿಸಿ ತೆಗೆದರೆ ಒಳಗಿನ ಸ್ಪೀಕರ್ ಮಾಮೂಲಿ ಸ್ಪೀಕರೇ.

ನಾಲ್ಕನ್ನೂ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಆಗ ಗೊತ್ತಾಯಿತು, ಮೂರು ಒಂದೇ ಮನೆಯವು, ನಾಲ್ಕನೆಯವನು ಹೊರಗಿನವನು. ಮೂರರ ಕೋನ್ ಕಪ್ಪು, ಇದರದ್ದು ಹಳದಿಗೆ ತಿರುಗಿದ ಕಂದು. ಹಿಂದೆ ಯಾರೋ ರಿಪೇರಿ ಮಾಡುವಾಗ ಸಿಕ್ಕಿದ ಕೋನ್ ಅಂಟಿಸಿದ್ದಾರೆ. ಕಪ್ಪು ಮೂರರಲ್ಲಿ ಒಂದಕ್ಕೆ ಎರಡು ಬೆರಳಷ್ಟು ಹರಕು. ಮೀಟರ್ ಹಿಡಿದೆ. ಅಗ್ಗದ ಮೀಟರಿನ ಎರಡು ಕಡ್ಡಿಗಳನ್ನು ಮೊದಲು ಒಂದಕ್ಕೊಂದು ಮುಟ್ಟಿಸಿ ನೋಡಬೇಕು. ನನ್ನದು 0.4 ತೋರಿಸುತ್ತದೆ, ಅಷ್ಟನ್ನು ಕಳೆಯಬೇಕು. ಕಳೆದ ಮೇಲೆ 6.4, 6.5, 6.4, ಹಳದಿಯದ್ದು 6.6. ಮೀಟರಿನ ಲೆಕ್ಕದಲ್ಲಿ ನಾಲ್ಕೂ ಅಣ್ಣತಮ್ಮಂದಿರು.

ವೈರ್ ಮಾಡಿದೆ. 8 ಓಂನ ಎರಡೆರಡನ್ನು ಸೀರೀಸ್ (ಒಂದರ ಹಿಂದೊಂದು) ಮಾಡಿದರೆ 16 ಮತ್ತು 16. ಆ ಎರಡು ಜೋಡಿಯನ್ನು ಪ್ಯಾರಲಲ್ (ಅಕ್ಕಪಕ್ಕ) ಮಾಡಿದರೆ ಮತ್ತೆ 8. ಇಂಗ್ಲೆಂಡಿನ ಮಾರ್ಷಲ್ ಕಂಪನಿಯ ನಾಲ್ಕು ಸ್ಪೀಕರಿನ ದೊಡ್ಡ ಪೆಟ್ಟಿಗೆಯಲ್ಲಿ ಇದೇ ಸೂತ್ರ, ಅಲ್ಲಿ ನಾಲ್ಕು 16 ಓಂ ಸೇರಿ 16. ಅಮೆರಿಕದ ಫೆಂಡರ್‌ನವರು 1950ರ ದಶಕದ ಕೊನೆಯ ಬಾಸ್‌ಮ್ಯಾನ್ ಆಂಪಿನಲ್ಲಿ ನಾಲ್ಕು 8 ಓಂ ಸ್ಪೀಕರುಗಳನ್ನು ನೇರ ಪ್ಯಾರಲಲ್ ಮಾಡಿ 2 ಓಂ ಮಾಡಿದ್ದರು, ಅದಕ್ಕೆ ತಕ್ಕ ಟ್ರಾನ್ಸ್‌ಫಾರ್ಮರನ್ನೂ ಇಟ್ಟಿದ್ದರು. ನನ್ನ ಐಸಿಗೆ 2 ಓಂ ಕೊಟ್ಟರೆ ಕಾದು ಕೆಂಪಾಗಿ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ. ನಾಲ್ಕನ್ನೂ ಸಾಲಾಗಿ ಸೀರೀಸ್ ಮಾಡಿದರೆ 32, ಆಗ ಪವರ್ ಕಾಲು ಭಾಗಕ್ಕೆ ಇಳಿಯುತ್ತದೆ.

ಲೆಕ್ಕ ಸರಿ, ದನಿ ಸರಿಯಿಲ್ಲ. ಮಗಳು ದಪ್ಪ ತಂತಿ ಮೀಟಿದರೆ ಪೆಟ್ಟಿಗೆಯ ಎಡಭಾಗ ಒಂದು ಥರ, ಬಲಭಾಗ ಇನ್ನೊಂದು ಥರ. ಹಳದಿ ಸ್ಪೀಕರ್ ಮಧ್ಯದ ಸ್ವರಗಳಲ್ಲಿ ಮೂಗಿನಿಂದ ಹಾಡುತ್ತಿತ್ತು. ಅದರ ಜತೆಗೆ ಸಣ್ಣದೊಂದು ಕರಕರ. ‘ಅಪ್ಪಾ, ಇದು ಬಸ್ ಸ್ಟ್ಯಾಂಡ್ ಅನೌನ್ಸ್‌ಮೆಂಟ್ ಥರ ಕೇಳತ್ತೆ’ ಅಂದಳು.

ಇಷ್ಟಾದ ಮೇಲೆ ಆ ಬೋರ್ಡಿಲ್ಲದ ಅಂಗಡಿ. ಐಸಿ ಮಾರಿದವರೇ ದಾರಿ ಹೇಳಿದರು. ಎಸ್‌ಪಿ ರೋಡಿನ ಅಂಗಡಿಗಳು ಭಾನುವಾರ ಹೆಚ್ಚಿನವು ಮುಚ್ಚಿರುತ್ತವೆ. ಹಾಗಾಗಿ ಬುಧವಾರ ನಮ್ಮ ಜೆರಾಕ್ಸ್ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಹೋದೆ. ಅದು ಪರೀಕ್ಷೆಯ ಅರ್ಜಿ ತುಂಬುವ ಕಾಲ. ಅವಳು ಏನಂದಳು ಅನ್ನುವುದು ಇಲ್ಲಿ ಬೇಡ.

ಹತ್ತಡಿ ಅಗಲದ ಕೋಣೆ. ಗೋಡೆಯ ಮೊಳೆಗಳಲ್ಲಿ ಇಡ್ಲಿ ತಟ್ಟೆಯ ಹಾಗೆ ಒಂದರ ಮೇಲೊಂದು ಕೋನ್‌ಗಳು. ರಬ್ಬರ್ ಗಮ್ ಮತ್ತು ಥಿನ್ನರಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಯಜಮಾನರಿಗೆ ಎಪ್ಪತ್ತರ ಹತ್ತಿರ ಇರಬಹುದು. ನನ್ನ ಚೀಲದಿಂದ ನಾಲ್ಕನ್ನೂ ತೆಗೆದು, ಒಂದೊಂದನ್ನೂ ಅಂಗೈಯಲ್ಲಿ ಹಿಡಿದು, ಎರಡು ಹೆಬ್ಬೆರಳಿನಿಂದ ಕೋನನ್ನು ಮೆಲ್ಲಗೆ ಒಳಗೆ ಒತ್ತಿ ಕಿವಿಗೆ ಹಿಡಿದರು. ಕಾಯಿಲ್ ಗೋಡೆಗೆ ಉಜ್ಜುತ್ತಿದೆಯೇ ಅಂತ ನೋಡುವ ರೀತಿ ಅದು. ಆಮೇಲೆ ತೋರುಬೆರಳಿನಿಂದ ಕೋನಿಗೆ ಟಪ್ ಅಂತ ತಟ್ಟಿದರು. ಮೂರು ‘ದುಂ’ ಅಂದವು, ಹಳದಿಯದ್ದು ‘ಟಣ್’ ಅಂದಿತು. ಮಡಕೆ ಕೊಳ್ಳುವ ಅಜ್ಜಿಯಂದಿರೂ ಹೀಗೇ ಮಾಡುತ್ತಾರೆ.

‘ಓಂ ಎಲ್ಲಾ ಸರಿ ಇದೆ ಸಾರ್’ ಅಂತ ನಾನು ಜಾಣತನ ತೋರಿಸಿದೆ.

‘ಎರಡು ಎತ್ತಿಗೂ ನಾಲ್ಕೇ ಕಾಲು ಇರುತ್ತೆ. ಅದಕ್ಕೇ ಜೋಡಿ ಆಗಿಬಿಡುತ್ತಾ?’ ಅಂದರು.

ಆಮೇಲೆ ಅವರು ಮಾಡಿದ್ದನ್ನು ನೋಡಲಿಕ್ಕೇ ನಾನು ರೈಲಿನ ದುಡ್ಡು ಕೊಡುತ್ತೇನೆ. ಮೊಬೈಲಿನಲ್ಲಿ ಒಂದು ಟೋನ್ ಆಪ್. ಅದರಿಂದ ಒಂದು ಚಿಕ್ಕ ಆಂಪಿಗೆ ತಂತಿ. ಆಂಪಿನಿಂದ 100 ಓಂ ರೆಸಿಸ್ಟರ್ ಮೂಲಕ ಸ್ಪೀಕರಿಗೆ. ಸ್ಪೀಕರಿನ ಎರಡು ಕಾಲಿಗೆ ಎಸಿ ವೋಲ್ಟಿಗೆ ಇಟ್ಟ ಮೀಟರ್. ಸ್ಪೀಕರನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಟೋನನ್ನು ಕೆಳಗಿನಿಂದ ಮೆಲ್ಲಗೆ ಏರಿಸುತ್ತಾ ಹೋದರು. ಮೀಟರಿನ ಅಂಕಿ ಏರಿ ಏರಿ ಒಂದು ಕಡೆ ತುದಿ ಮುಟ್ಟಿ ಇಳಿಯಲು ಶುರುವಾಯಿತು. ಆ ತುದಿಯೇ ಸ್ಪೀಕರಿನ ಸ್ವಂತ ಕಂಪನ. ಅಲ್ಲಿ ಕೋನ್ ತಾನೇ ತಾನಾಗಿ ತೂಗುತ್ತದೆ, ಇಂಪೀಡೆನ್ಸ್, ಅಂದರೆ ದನಿಯ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ, 8 ಇದ್ದದ್ದು ಹಲವು ಪಟ್ಟು ಏರುತ್ತದೆ. ಹೊಸ ಮೀಟರ್ ಬೇಡ, ಹೊಸ ಯಂತ್ರ ಬೇಡ. ನಾನು ಇಷ್ಟು ವರ್ಷ ಇದನ್ನು ಯಾಕೆ ಮಾಡಿರಲಿಲ್ಲ ಅಂತ ನಾಚಿಕೆಯಾಯಿತು.

ಕಪ್ಪು ಮೂರು 128, 131, 126 ಹರ್ಟ್ಸ್‌ಗೆ ತುದಿ ಮುಟ್ಟಿದವು. ಹಳದಿಯದ್ದು 171. ಹಿಂದೆ ರಿಪೇರಿ ಮಾಡಿದವನು ಬಿರುಸಾದ ಸ್ಪೈಡರ್ (ಕಾಯಿಲನ್ನು ನಡುವೆ ಹಿಡಿದಿಡುವ ಸುಕ್ಕುಸುಕ್ಕು ಬಟ್ಟೆ) ಹಾಕಿ ಅಂಚಿಗೆ ಗಮ್ ಧಾರಾಳವಾಗಿ ಬಳಿದಿದ್ದ. ಈ ಹಿಡಿತ ಬಿರುಸಾದರೆ ಕಂಪನ ಮೇಲೇರುತ್ತದೆ. ಇದಕ್ಕೆ ಮೀಟರಿನ ಓಂ ಏನು ಹೇಳೀತು? 130ರ ಹತ್ತಿರ ಮೂವರು ಒಟ್ಟಿಗೆ ತೂಗುವಾಗ ಇವನು ಮಲಗಿರುತ್ತಾನೆ, 171ಕ್ಕೆ ಇವನೊಬ್ಬನೇ ಎದ್ದು ಕೂಗುತ್ತಾನೆ. ಸೀರೀಸ್‌ನಲ್ಲಿ ಇನ್ನೂ ಕಷ್ಟ. ಒಬ್ಬನ ಇಂಪೀಡೆನ್ಸ್ ಏರಿದ ಕಡೆ ಜತೆಗಾರನ ಪಾಲಿನ ವೋಲ್ಟೇಜನ್ನೂ ಅವನೇ ತಿನ್ನುತ್ತಾನೆ. ಮಗಳು ಹೇಳಿದ ಬಸ್ ಸ್ಟ್ಯಾಂಡ್ ಅದೇ.

ಗಿಟಾರಿನ ಕೆಳಗಿನ ಇ ತಂತಿ 82 ಹರ್ಟ್ಸ್ ಅಲ್ವಾ, 130ರ ಸ್ಪೀಕರಿಗೆ ಅದು ಸಿಗುತ್ತದಾ ಅಂತ ಕೇಳಿದೆ. ಅವರಿಗೆ ಗಿಟಾರ್ ಗೊತ್ತಿಲ್ಲ. ‘ಕೆಳಗಿನ ಸ್ವರದ ಮರಿಗಳು ಮೇಲೆ ಇರ್ತಾವಲ್ಲ, ಕಿವಿ ಲೆಕ್ಕ ಹಾಕಿಕೊಳ್ಳುತ್ತೆ’ ಅಂದರು. ಹೌದು, 82ರ ಮರಿ 165, ಅದರ ಮೇಲೆ 247. ಕಿವಿಗೆ ಅಷ್ಟು ಸಾಕು. ದೊಡ್ಡ ಸಭೆಗೆ ಸಾಲದು, ನಮ್ಮ ಹಜಾರಕ್ಕೆ ಧಾರಾಳ.

ನಾನು ನಾಲ್ಕಕ್ಕೂ ಹೊಸ ಕೋನ್ ಹಾಕಿಬಿಡಿ ಅಂದೆ. ಬೇಡ ಅಂದರು. ನನಗೆ ಅಂಗಡಿ ಹಿಡಿಸಿದ್ದು ಇಲ್ಲಿ. ನಾಲ್ಕಕ್ಕೆ 1,400 ರೂಪಾಯಿ ಸುಲಭವಾಗಿ ತೆಗೆದುಕೊಳ್ಳಬಹುದಿತ್ತು. ‘ಹಳೆ ಕಾಗದ ಒಣಗಿ ಹದ ಆಗಿದೆ. ಕೆಟ್ಟಿರೋದನ್ನು ಮಾತ್ರ ಮುಟ್ಟೋಣ.’ ಹಳದಿಗೆ ಹೊಸ ಕಾಯಿಲ್, ಸ್ಪೈಡರ್, ಕೋನ್ ಸೇರಿ 350. ಹರಿದದ್ದಕ್ಕೆ ತೇಪೆ 80. ಉಳಿದೆರಡಕ್ಕೆ ಸೊನ್ನೆ. ಮುಂದಿನ ಶುಕ್ರವಾರ ಬನ್ನಿ ಅಂದರು. ರಸೀದಿ ಕೇಳಿದರೆ ಕೋನ್ ಡಬ್ಬದ ರಟ್ಟು ಹರಿದು ಅದರ ಮೇಲೆ ‘4 ಪೀಸ್’ ಅಂತ ಬರೆದು ಕೊಟ್ಟರು.

ಶುಕ್ರವಾರ ಫೋನ್ ಮಾಡಿದೆ, ಎತ್ತಲಿಲ್ಲ. ಶನಿವಾರ, ಸೋಮವಾರ, ಮಂಗಳವಾರ. ಹತ್ತು ದಿನ ಬಿಟ್ಟು ನಾನೇ ಹೋದೆ. ನನ್ನ ಚೀಲ ನಾನು ಇಟ್ಟ ಜಾಗದಲ್ಲೇ, ನಾನು ಕಟ್ಟಿದ ಗಂಟಿನಲ್ಲೇ ಕೂತಿತ್ತು! ಸಿಟ್ಟು ನೆತ್ತಿಗೇರಿತು. ಒಂದು ದಿನದ ವ್ಯಾಪಾರ ಬಿಟ್ಟು ಎಪ್ಪತ್ತು ಕಿಲೋಮೀಟರ್ ಬಂದಿದ್ದೇನೆ ಸ್ವಾಮಿ ಅಂದೆ. ಮದುವೆ ಸೀಸನ್ನು, ಮೈಕ್‌ಸೆಟ್ಟಿನವರ ಕೆಲಸ ಬಿಡಲಿಲ್ಲ ಅಂದರು. ಕ್ಷಮಿಸಿ ಅಂತಲೂ ಅನ್ನಲಿಲ್ಲ. ಎದುರಿಗಿದ್ದ ಕೆಲಸ ಬದಿಗೆ ಸರಿಸಿ, ನನ್ನದನ್ನು ತೆಗೆದು ಕೂತರು, ನನಗೊಂದು ಸ್ಟೂಲ್ ತೋರಿಸಿದರು. ನಾನು ಎರಡು ಗಂಟೆ ಆ ಸ್ಟೂಲಿನ ಮೇಲಿದ್ದೆ.

ಮೊದಲು ಥಿನ್ನರ್ ಹನಿಸಿ ಹಳೆ ಗಮ್ ನೆನೆಸಿದರು. ಹಳದಿ ಕೋನ್ ರೊಟ್ಟಿಯ ಹಾಗೆ ಎದ್ದು ಬಂತು. ಮ್ಯಾಗ್ನೆಟ್ಟಿನ ಸಂದು ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಇರಬಹುದು. ಅದರೊಳಗೆ ಕಬ್ಬಿಣದ ಪುಡಿ ಅಂಟಿಕೊಂಡಿರುತ್ತದೆ. ಊದಿದರೆ ಹೋಗುವುದಿಲ್ಲ, ಮ್ಯಾಗ್ನೆಟ್ ಬಿಡಬೇಕಲ್ಲ! ಪ್ಯಾಕಿಂಗ್ ಟೇಪನ್ನು ಅಂಟು ಹೊರಗೆ ಬರುವಂತೆ ಮಡಚಿ, ಸಂದಿನೊಳಗೆ ಬಿಟ್ಟು, ಸುತ್ತಲೂ ಎಳೆದು ತೆಗೆದರು. ಟೇಪಿನ ಅಂಚು ಗಡ್ಡದ ಹಾಗೆ ಕಪ್ಪಾಗಿತ್ತು. ಕರಕರ ಅನ್ನುತ್ತಿದ್ದದ್ದು ಇದೇ.

ಆಮೇಲೆ ಡ್ರಾಯರಿನಿಂದ ಯಾರದೋ ಎದೆಯ ಹಳೆ ಎಕ್ಸ್‌ರೇ ತೆಗೆದರು. ಕತ್ತರಿಯಲ್ಲಿ ಬೆರಳಗಲದ ನಾಲ್ಕು ಪಟ್ಟಿ ಕತ್ತರಿಸಿದರು. ಹೊಸ ಕಾಯಿಲನ್ನು ಸಂದಿಗೆ ಇಳಿಸಿ, ಕಾಯಿಲಿನ ಒಳಗೋಡೆಗೂ ನಡುವಿನ ಕಂಬಕ್ಕೂ ಮಧ್ಯೆ ಆ ಪಟ್ಟಿಗಳನ್ನು ನಾಲ್ಕು ದಿಕ್ಕಿಗೆ ತೂರಿಸಿದರು. ಈಗ ಕಾಯಿಲ್ ಅತ್ತಿತ್ತ ಅಲುಗುವಂತಿಲ್ಲ, ನಟ್ಟನಡುವೆ ನಿಂತಿತು. ಆ ಸ್ಥಿತಿಯಲ್ಲೇ ಸ್ಪೈಡರ್ ಅಂಟಿಸಿ, ಮೇಲೆ ಕೋನ್ ಕೂರಿಸಿ, ಅಂಚಿಗೆ ಬಟ್ಟೆ ಕ್ಲಿಪ್ ಹಾಕಿದರು. ಗಮ್ ಒಣಗುವ ತನಕ ಎಕ್ಸ್‌ರೇ ಅಲ್ಲೇ ಇರಬೇಕು. ಒಣಗಿದ ಮೇಲೆ ಪಟ್ಟಿ ಎಳೆದು, ಕೊನೆಗೆ ನಡುವಿನ ಟೋಪಿ ಅಂಟಿಸುತ್ತಾರೆ. ಒಂದು ದಿನವಾದರೂ ಬಿಡಬೇಕು. ‘ನಾಳೆ ಬರ್ತೀರಾ?’ ಅಂತ ಕೇಳಿದರು. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಹರಿದ ಕೋನಿಗೆ ತೇಪೆ ಮನೆಯಲ್ಲೇ ಮಾಡಬಹುದು, ಅದಕ್ಕೆ 80 ಕೊಟ್ಟದ್ದು ನನ್ನ ಸೋಮಾರಿತನ. ತೆಳು ಟಿಶ್ಯೂ ಕಾಗದ, ನೀರು ಬೆರೆಸಿದ ಫೆವಿಕಾಲ್, ಹಿಂದೊಂದು ಮುಂದೊಂದು ಪದರ. ದಪ್ಪ ಕಾಗದ, ಸೆಲ್ಲೋಟೇಪ್ ಬೇಡ.

ಮುಂದಿನ ವಾರ ಹೋದಾಗ ತಯಾರಿತ್ತು. ನನ್ನೆದುರೇ ಮತ್ತೆ ಅಳೆದು ತೋರಿಸಿದರು. ಹೊಸ ಕೋನಿನ ಸ್ಪೀಕರ್ 133. ತೇಪೆ ಹಾಕಿದ್ದು 131ರಿಂದ 129ಕ್ಕೆ ಇಳಿದಿತ್ತು, ತೇಪೆಯ ಭಾರ ಅಷ್ಟು. ನಾಲ್ಕೂ ಏಳು ಹರ್ಟ್ಸ್ ಒಳಗೆ. 430 ಕೊಟ್ಟು, ಕಾಲು ಮುಟ್ಟುವಷ್ಟು ಖುಷಿಯಲ್ಲಿ ಬಂದೆ.

ಆ ಖುಷಿ ಮನೆಯ ತನಕ ಮಾತ್ರ. ಯಜಮಾನರು ಪ್ರತಿ ಸ್ಪೀಕರಿನ ಒಂದು ಕಾಲಿಗೆ ಕೆಂಪು ಚುಕ್ಕಿ ಇಟ್ಟಿದ್ದರು. ಚುಕ್ಕಿ ನೋಡಿಯೇ ವೈರ್ ಮಾಡಿದೆ. ದನಿ ಬಂತು, ಮೂಗು ಹೋಗಿತ್ತು, ಕರಕರ ಹೋಗಿತ್ತು. ಆದರೆ ಹೊಟ್ಟೆಯೇ ಇಲ್ಲ. ತಗಡಿನ ಡಬ್ಬದ ಮೇಲೆ ಬಡಿದ ಹಾಗೆ. ಅರ್ಧ ಗಂಟೆ ಆಂಪನ್ನು ಬೈದೆ, ಕೆಪಾಸಿಟರ್ ಬದಲಿಸಿದೆ. ಕೊನೆಗೆ ಗೋಡೆ ಗಡಿಯಾರದಿಂದ 1.5 ವೋಲ್ಟಿನ ಸೆಲ್ ಕಿತ್ತು, ಒಂದೊಂದೇ ಸ್ಪೀಕರಿಗೆ ಒಂದು ಕ್ಷಣ ಮುಟ್ಟಿಸಿದೆ. ಸೆಲ್ಲಿನ ಪ್ಲಸ್ ಚುಕ್ಕಿಯ ಕಾಲಿಗೆ ತಾಗಿದಾಗ ಕೋನ್ ಮುಂದೆ ಬರಬೇಕು. ಮೂರು ಮುಂದೆ ಬಂದವು. ಹೊಸ ಕೋನಿನದ್ದು ಹಿಂದೆ ಸರಿಯಿತು. ಜಡೆ ತಂತಿ ಬೆಸೆಯುವಾಗ ಅದಲುಬದಲು ಆಗಿದೆ. ಮೂವರು ಗಾಳಿಯನ್ನು ಮುಂದೆ ನೂಕುವಾಗ ಒಬ್ಬ ಹಿಂದಕ್ಕೆ ಎಳೆಯುತ್ತಾನೆ. ಅಂದರೆ ಅವನು ಹೋದದ್ದಲ್ಲದೆ ಇನ್ನೊಬ್ಬನ ದುಡಿಮೆಯನ್ನೂ ಹಾಳು ಮಾಡುತ್ತಾನೆ. ನಾಲ್ಕರಲ್ಲಿ ಎರಡರ ಕೆಲಸ ಮಾತ್ರ ಉಳಿಯುತ್ತದೆ. ಕೆಳಸ್ವರದಲ್ಲಿ 6 ಡೆಸಿಬೆಲ್ ಮಾಯ.

ಎರಡು ತಂತಿ ಅದಲುಬದಲು ಮಾಡಿದೆ, ಹೊಟ್ಟೆ ಬಂತು. ಅಂಗಡಿಗೆ ಫೋನ್ ಮಾಡಿದರೆ ಆ ದಿನ, ದೇವರ ದಯೆ, ಎತ್ತಿದರು. ವಿಷಯ ಹೇಳಿದೆ. ‘ಚುಕ್ಕಿ ಯಾಕೆ ನಂಬಿದ್ರಿ? ಸೆಲ್ ಹಾಕಿ ನೋಡೋದಲ್ವಾ?’ ಅಂತ ನನಗೇ ಬೈದರು.

ವೈರಿಂಗಿನಲ್ಲಿ ಒಂದು ಮಾತು ಉಳಿಯಿತು. ಎರಡು ಸೀರೀಸ್ ಜೋಡಿಗಳ ಮಧ್ಯದ ಬಿಂದುಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿದರೂ ಒಟ್ಟು 8 ಓಂ, ಸೇರಿಸದಿದ್ದರೂ 8. ಸ್ಪೀಕರ್ ಎಲ್ಲ ಸರಿಯಿರುವ ತನಕ ವ್ಯತ್ಯಾಸವಿಲ್ಲ. ಒಂದು ಸುಟ್ಟಾಗ ನೋಡಿ. ಸೇರಿಸಿದ್ದರೆ ಉಳಿದ ಮೂರೂ ಹಾಡುತ್ತವೆ, ಆದರೆ ಸುಟ್ಟವನಿಗೆ ಪ್ಯಾರಲಲ್ ಆಗಿರುವವನ ಮೇಲೆ ಮೊದಲಿನ ಒಂದೂಮುಕ್ಕಾಲು ಪಟ್ಟು ಹೊರೆ ಬೀಳುತ್ತದೆ, ಅವನೂ ಹಿಂದೆಯೇ ಹೋಗುತ್ತಾನೆ. ಸೇರಿಸದಿದ್ದರೆ ಸುಟ್ಟವನ ಜತೆಗಾರ ಮೌನವಾಗುತ್ತಾನೆ, ಇನ್ನೊಂದು ಜೋಡಿ ಮೊದಲಿನಷ್ಟೇ ಪವರಿನಲ್ಲಿ ನಡೆಯುತ್ತದೆ. ಹಳೆ ಸಾಮಾನಿಗೆ ಇದೇ ಕ್ಷೇಮ. ನಾನು ಸೇರಿಸಲಿಲ್ಲ. ಸದ್ಯ ನನ್ನ ಐಸಿ 8 ಓಂಗೆ ಸುಮಾರು 10 ವ್ಯಾಟ್ ಕೊಡುತ್ತದೆ, ತಲೆಗೆ ಎರಡೂವರೆ. ಕಾಲಂ 20 ವ್ಯಾಟಿನದ್ದು, ಅಂದರೆ ತಲೆಗೆ ಐದು ತಡೆಯುತ್ತದೆ. ನಿಶ್ಚಿಂತೆ.

ಹಾಗೆಯೇ, 4 ಓಂ ಮತ್ತು 8 ಓಂ ಬೆರೆಸುವ ಆಸೆ ಇರುವವರಿಗೆ: ಪ್ಯಾರಲಲ್‌ನಲ್ಲಿ 4ರವನು ಎರಡು ಪಾಲು ತಿನ್ನುತ್ತಾನೆ, ಸೀರೀಸ್‌ನಲ್ಲಿ 8ರವನು. ಯಾರು ಬಲಹೀನ ಅಂತ ನೋಡಿ ಹಾಕಿ, ಅಥವಾ ಹಾಕಲೇಬೇಡಿ.

ಈಗ ಅಂಕ. ಕೆಲಸಕ್ಕೆ ಐದಕ್ಕೆ ಐದು. ಪ್ರಾಮಾಣಿಕತೆಗೆ ಐದಕ್ಕೆ ಐದು. ಸಮಯಕ್ಕೆ ಒಂದು, ಅದೂ ಸ್ಟೂಲ್ ಕೊಟ್ಟದ್ದಕ್ಕೆ. ಹೊರಗಿನ ಊರಿನವರು ಮದುವೆ ಸೀಸನ್ ಬಿಟ್ಟು, ಆಷಾಢದಲ್ಲಿ ಹೋಗಿ. ಆಗ ಮೈಕ್‌ಸೆಟ್ಟಿನವರ ಕಾಟ ಇರುವುದಿಲ್ಲ. ಸ್ಪೀಕರ್ ಕೊಟ್ಟು ಬರಬೇಡಿ, ಎದುರಿಗೆ ಕೂತು ಮಾಡಿಸಿಕೊಳ್ಳಿ. ಒಂಟಿ ಸ್ಪೀಕರ್ ರಿಪೇರಿಗೆ ಬೇರೆ ಎಷ್ಟೋ ಅಂಗಡಿ ಇವೆ. ಎರಡು ಅಥವಾ ನಾಲ್ಕನ್ನು ಜೋಡಿ ಮಾಡಿಸಬೇಕಿದ್ದರೆ ಮಾತ್ರ ಆ ಮೆಟ್ಟಿಲು ಹತ್ತಿ. ಕಾಯಿಲ್ ಕಟ್ಟುವವರು ಸಿಗುತ್ತಾರೆ, ‘ಇದು ಅದಕ್ಕೆ ಜತೆಯಲ್ಲ’ ಅಂತ ಹೇಳುವವರು ನನಗೆ ಸಿಕ್ಕಿದ್ದು ಅಲ್ಲೊಬ್ಬರೇ. ಸಂಡೇ ಬಜಾರಿನವನಿಗೆ ಅಂಕ ಕೊಡುವುದಿಲ್ಲ. ಆದರೆ ಅವನ ಓಂ ಸಿದ್ಧಾಂತವನ್ನು ಮರೆಯಲೂ ಆಗುವುದಿಲ್ಲ.

ಪೆಟ್ಟಿಗೆಯ ಹಿಂಭಾಗ ಅರ್ಧ ತೆರೆದೇ ಇಟ್ಟೆ, ಗಿಟಾರಿಗೆ ಹಾಗೇ ಚಂದ. ಒಂದು ತೊಂದರೆ ಉಳಿದಿತ್ತು. ಮಗಳು ಎ ತಂತಿ ಮೀಟಿದಾಗಲೆಲ್ಲ ಮುಂದಿನ ಶಟರ್ ಪಟ್ಟಿಗಳು ಗಿರ್ರ್ ಅನ್ನುತ್ತಿದ್ದವು. 110 ಹರ್ಟ್ಸ್‌ಗೆ ಸರಿಯಾಗಿ. ಕೇರಂ ಸ್ಟ್ರೈಕರ್ ಡಬ್ಬದಲ್ಲಿದ್ದ ಮಖಮಲ್ಲನ್ನು ಕತ್ತರಿಸಿ ಹಳಿಗೆ ಅಂಟಿಸಿದೆ, ನಿಂತಿತು. ಈಗ ಅವಳು ಶಟರನ್ನೇ ಟೋನ್ ಕಂಟ್ರೋಲ್ ಮಾಡಿಕೊಂಡಿದ್ದಾಳೆ. ಪೂರ್ತಿ ತೆರೆದರೆ ಹರಿತ, ಅರ್ಧ ಎಳೆದರೆ ಮೆತ್ತಗೆ. ರಾತ್ರಿ ಒಂಬತ್ತಾದರೆ ಅಮ್ಮ ಒಳಗಿನಿಂದ ಕೂಗುತ್ತಾರೆ, ‘ಶಟರ್ ಹಾಕೇ.’ ಟಿವಿ ಇದ್ದಾಗ ನನಗೆ ಹೇಳುತ್ತಿದ್ದ ಮಾತೇ.